ಡ್ರಮ್ ನಿಂತ ಮೇಲಿನ ಹನ್ನೊಂದು ನಿಮಿಷ

"ಅದನ್ನ ನಿಲ್ಲಿಸ್ರೀ!"

ತಲೆಯ ಮೇಲಿಂದ ಬಂದ ಗಂಡಸಿನ ದನಿಗೆ ಅವಳು ಬೆಚ್ಚಿಬಿದ್ದಳು.

ರೇಡಿಯೋ ನಿಲಯದ ಹಳೆಯ ಲಿಫ್ಟು ಮೂರನೆಯ ಮಹಡಿಗೂ ನಾಲ್ಕನೆಯ ಮಹಡಿಗೂ ನಡುವೆ ಕೆಟ್ಟು ನಿಂತು ಇಪ್ಪತ್ತು ನಿಮಿಷವಾಗಿತ್ತು. ಒಳಗೆ ಅವಳೊಬ್ಬಳೇ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಧೈರ್ಯಕ್ಕೆಂದು ಫೋನಿನಲ್ಲಿ ಒಂದು ರೆಕಾರ್ಡಿಂಗ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಸ್ಯಾಕ್ಸೊಫೋನ್ ಒಂದು ಕಡೆಯಿಂದ, ಡ್ರಮ್ ಇನ್ನೊಂದು ಕಡೆಯಿಂದ, ಎರಡೂ ಹುಚ್ಚು ಹೊಳೆಗಳಂತೆ ನುಗ್ಗಿ ಬರುತ್ತಿದ್ದವು.

"ಯಾಕೆ ನಿಲ್ಲಿಸ್ಬೇಕು? ನೀವು ನಿಮ್ಮ ಕೆಲಸ ಮಾಡಿ!" ಎಂದು ಅವಳೂ ಕೂಗಿದಳು.

"ದಯವಿಟ್ಟು ನಿಲ್ಲಿಸಿ... ಇನ್ನು ಹತ್ತು ಸೆಕೆಂಡಿಗೆ ಡ್ರಮ್ ನಿಂತುಹೋಗುತ್ತೆ. ನನಗೆ ಅದನ್ನ ಕೇಳೋಕಾಗಲ್ಲ."

ಅವಳ ಬೆರಳು ತಾನಾಗಿ ಗುಂಡಿಯೊತ್ತಿತು.

ಆಮೇಲೆ ಸ್ಪ್ಯಾನರಿನ ಸದ್ದು, ಕಬ್ಬಿಣದ ಕಿರುಗುಟ್ಟು. ಲಿಫ್ಟು ಒಂದು ಮಾರು ಮೇಲೇರಿತು. ಬಾಗಿಲು ಬಿಚ್ಚಿಕೊಂಡಾಗ ನೀಲಿ ಅಂಗಿಯ, ಕೈತುಂಬ ಗ್ರೀಸಿನ ಒಬ್ಬ ಲಿಫ್ಟ್ ಮೆಕ್ಯಾನಿಕ್ ನಿಂತಿದ್ದ. ಮೂವತ್ತಮೂರೋ ಮೂವತ್ತನಾಲ್ಕೋ ಇರಬಹುದು. ಕಣ್ಣುಗಳು ಕೆಂಪಾಗಿದ್ದವು.

"ಇಳೀರಿ. ಹುಷಾರು, ಮೆಟ್ಟಿಲು ಎತ್ತರ ಇದೆ."

"ರೀ, ಒಂದ್ನಿಮಿಷ! ಈ ರೆಕಾರ್ಡಿಂಗಿನ ಮುನ್ನೂರೇ ಪ್ರತಿ ಬಂದಿದ್ದು. ಡ್ರಮ್ ನಿಲ್ಲೋ ಜಾಗ ನಿಮಗೆ ಹೇಗೆ ಗೊತ್ತು?"

ಅವನು ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದು ಹೋಗಿಯೇಬಿಟ್ಟ.

'ಎಂಥಾ ಮನುಷ್ಯ!' ಎಂದುಕೊಂಡಳು ಅವಳು. ಆದರೆ ಆ ಕೆಂಪು ಕಣ್ಣುಗಳು ಸಂಜೆಯಾದರೂ ಅವಳ ಬೆನ್ನು ಬಿಡಲಿಲ್ಲ.

ಅವಳು ನಿಲಯದ ಧ್ವನಿಭಂಡಾರದಲ್ಲಿ ಕೆಲಸ ಮಾಡುತ್ತಿದ್ದಳು. ಹಳೆಯ ಟೇಪುಗಳ ಧೂಳು ಒರೆಸಿ, ಹರಿದಲ್ಲಿ ಅಂಟಿಸಿ, ಕಂಪ್ಯೂಟರಿಗೆ ಇಳಿಸುವುದು ಅವಳ ಕಸುಬು. ಎರಡು ತಿಂಗಳ ಹಿಂದೆ ನಿಲಯದ ಮುಖ್ಯಸ್ಥೆ, ಎಲ್ಲರೂ ಮೇಡಂ ಎನ್ನುವವರು, ಅವಳನ್ನು ಕರೆದು ಒಂದು ಕೆಲಸ ಹೇಳಿದ್ದರು. ಮೇಷ್ಟ್ರಿಗೆ ಎಂಬತ್ತು ತುಂಬುತ್ತದೆ. ಅವರ ರೆಕಾರ್ಡಿಂಗುಗಳಲ್ಲಿ ನಿನಗೆ ಅತಿ ಇಷ್ಟವಾದ ಎಂಟನ್ನು ಆರಿಸು, ಭಾನುವಾರ ಬೆಳಿಗ್ಗೆ ಪ್ರಸಾರ ಮಾಡೋಣ.

ಮೇಷ್ಟ್ರು ಎಂದರೆ ಪಾಠದ ಮೇಷ್ಟ್ರಲ್ಲ. ಐವತ್ತು ವರ್ಷದಿಂದ ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಮುದುಕ. ಅವರದು ಫ್ರೀ ಜಾಝ್. ಇಂಥದೇ ರಾಗ, ಇಷ್ಟೇ ತಾಳ ಎಂಬ ಕಟ್ಟು ಅದಕ್ಕಿಲ್ಲ. ಆ ಗಳಿಗೆಗೆ ಏನು ತೋಚುತ್ತದೋ ಅದೇ ಸಂಗೀತ. ಜೊತೆಯವರು ಕಿವಿಗೊಟ್ಟು ಕೇಳುತ್ತಾ ತಾವೂ ಧುಮುಕಬೇಕು.

ಮೊದಲ ವಾರ ಅವಳಿಗೆ ತಲೆನೋವು ಬಂದಿತ್ತು. ಮನೆಯಲ್ಲಿ ಹಾಕಿದರೆ ಅಮ್ಮ, "ಏನೇ ಇದು, ಬೆಕ್ಕಿನ ಬಾಲ ತುಳಿದ ಹಾಗೆ! ಆ ಮನುಷ್ಯನಿಗೆ ಯಾರಾದ್ರೂ ಒಂದ್ಲೋಟ ನೀರು ಕೊಡ್ರೇ!" ಎಂದು ನಕ್ಕಿದ್ದರು.

ಆದರೆ ಎರಡನೆಯ ವಾರ...

ನೀರು ಖಾಲಿ ಮಾಡಿದ ಈಜುಕೊಳದ ತಳದಲ್ಲಿ ನಿಂತು ನುಡಿಸಿದ ಒಂದು ಟೇಪು ಸಿಕ್ಕಿತು. ಒಂದು ಸ್ವರ ಬಿಟ್ಟರೆ ಗೋಡೆಗಳಿಗೆ ತಾಗಿ ಅದು ಗುಂಯ್‌ಗುಟ್ಟುತ್ತಾ ಮರಳುತ್ತಿತ್ತು. ಮರಳಿದ ಸ್ವರವನ್ನು ಮೇಷ್ಟ್ರು ಮನೆಗೆ ಬಂದ ನೆಂಟನಂತೆ ಎದುರುಗೊಳ್ಳುತ್ತಿದ್ದರು. ಇನ್ನೊಂದರಲ್ಲಿ ಆರು ನಿಮಿಷ ಸ್ವರವೇ ಇಲ್ಲ. ಬರೀ ಉಸಿರು, ವಾದ್ಯದ ಕೀಲಿಗಳ ಟಕಟಕ. ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದವಳಿಗೆ ತಾನೂ ಉಸಿರು ಬಿಗಿಹಿಡಿದದ್ದು ಕೊನೆಗೆ ಗೊತ್ತಾಗಿತ್ತು.

ಮತ್ತೊಂದು ಹತ್ತೊಂಬತ್ತು ನಿಮಿಷದ್ದು. ಒಂದೇ ಒಂದು ಸ್ವರ. ಅದನ್ನೇ ಹಿಡಿದು, ಎಳೆದು, ಸೀಳಿ, ಒಂದೇ ಬಾಯಿಂದ ಮೂರು ದನಿ ಹೊರಡಿಸಿದ್ದರು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅಮ್ಮನ ಕೈ ಹಾಗೇ ನಿಂತುಬಿಟ್ಟಿತ್ತು.

"ಇವರ ಮನೇಲಿ ಯಾರೋ ಹೋಗಿದಾರೆ ಕಣೇ..." ಎಂದಿದ್ದರು ಅಮ್ಮ, ಮೆಲ್ಲಗೆ.

ಅವಳು ಟೇಪಿನ ಡಬ್ಬಿಯ ಮೇಲಿದ್ದ ತಾರೀಖು ನೋಡಿದಳು. ಮೇಷ್ಟ್ರ ಹೆಂಡತಿ ತೀರಿಕೊಂಡ ಐದನೆಯ ದಿನ!

ಅವಳ ಮೈ ಜುಮ್ಮೆಂದಿತು. ಮಾತಿಲ್ಲದೆ, ಹಾಡಿಲ್ಲದೆ, ಬರೀ ಗಾಳಿಯಿಂದ ಇಷ್ಟನ್ನು ಹೇಳಬಹುದೇ?

ಲಿಫ್ಟಿನಲ್ಲಿ ಹಾಕಿಕೊಂಡಿದ್ದು ಅವಳ ಪಟ್ಟಿಯ ಎಂಟನೆಯದು. ಸ್ಯಾಕ್ಸೊಫೋನ್ ಮತ್ತು ಡ್ರಮ್, ಇಬ್ಬರೇ. ಹನ್ನೆರಡನೆಯ ನಿಮಿಷದಲ್ಲಿ ಡ್ರಮ್ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಮೇಷ್ಟ್ರು ಒಬ್ಬರೇ ಇನ್ನೂ ಹನ್ನೊಂದು ನಿಮಿಷ ನುಡಿಸುತ್ತಾರೆ. ಹೋಗುತ್ತಾ ಹೋಗುತ್ತಾ ಅವರ ದನಿ ದೂರವಾಗುತ್ತದೆ, ಯಾರೋ ಬೆನ್ನು ತಿರುಗಿಸಿ ನಡೆದುಹೋದ ಹಾಗೆ.

ಮಾರನೆಯ ದಿನ ಅವಳು ಆ ರೆಕಾರ್ಡಿನ ಹೊದಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಹಿಂಬದಿಯಲ್ಲಿ ಸಣ್ಣದೊಂದು ಫೋಟೋ. ಡ್ರಮ್ಮಿನ ಹಿಂದೆ ಕೂತ ಇಪ್ಪತ್ತೈದರ ಹುಡುಗ. ಅದೇ ಹುಬ್ಬು. ಅದೇ ಕಣ್ಣು.

ಅಯ್ಯೋ... ಅವನೇ!

ಲಿಫ್ಟ್ ಕಂಪನಿಯ ವರ್ಕ್‌ಶಾಪ್ ಹುಡುಕಿಕೊಂಡು ಹೋಗಲು ಅವಳಿಗೆ ಎರಡು ದಿನ ಧೈರ್ಯ ಸಾಲಲಿಲ್ಲ. ಮೂರನೆಯ ದಿನ ಹೋದಳು. ಅವನು ಒಂದು ಮೋಟಾರು ಬಿಚ್ಚಿ ಹರಡಿಕೊಂಡು ಕೂತಿದ್ದ.

"ಜಗಳ ಆಡೋಕೆ ಬಂದ್ರಾ?" ಎಂದ, ತಲೆಯೆತ್ತದೆ.

"ಇಲ್ಲ. ಕಲಿಯೋಕೆ ಬಂದೆ. ಎರಡು ತಿಂಗಳಿಂದ ಮೇಷ್ಟ್ರನ್ನ ಕೇಳ್ತಿದೀನಿ. ಅರ್ಧ ಅರ್ಥ ಆಗುತ್ತೆ, ಅರ್ಧ ಆಗಲ್ಲ. ಅವರ ಪಕ್ಕದಲ್ಲೇ ಕೂತು ಬಾರಿಸಿದವರು ನೀವು. ನೀವಲ್ಲದೆ ಯಾರನ್ನ ಕೇಳ್ಲಿ?"

ಅವನ ಕೈಯ ಸ್ಪ್ಯಾನರ್ ನಿಂತಿತು. "ಬಲಗಡೆ ಬಂದು ಕೂತ್ಕೊಳ್ಳಿ. ಎಡಗಿವಿ ಕೇಳಿಸಲ್ಲ" ಎಂದ.

ಹಾಗೆ ಶುರುವಾಯಿತು. ಅವನ ಊಟದ ಬಿಡುವಿನಲ್ಲಿ, ನಿಲಯದ ಮೂರನೆಯ ಮಹಡಿಯ ಪುಟ್ಟ ಕೋಣೆಯಲ್ಲಿ, ಇಬ್ಬರೂ ಡಬ್ಬಿ ಬಿಚ್ಚಿ ತಿನ್ನುತ್ತಾ ಕೇಳತೊಡಗಿದರು.

"ತಾಳ ಹುಡುಕ್ಬೇಡಿ" ಎನ್ನುತ್ತಿದ್ದ ಅವನು. "ಅವರು ಎಲ್ಲಿ ಉಸಿರು ತಗೋತಾರೆ ನೋಡಿ. ಅಲ್ಲೇ ಬಾಗಿಲು. ಅಲ್ಲಿಂದ ಒಳಗೆ ಹೋಗ್ಬೇಕು."

ಅವಳು ಬಾಗಿಲು ಹುಡುಕಿದಳು. ಸಿಕ್ಕಿತು! ಸಂತೆಯ ಗದ್ದಲದಂತಿದ್ದ ಜಾಗದಲ್ಲಿ ಈಗ ದಾರಿ ಕಾಣುತ್ತಿತ್ತು. ಕೇಳುವಾಗ ಅವನ ಬೆರಳುಗಳು ತೊಡೆಯ ಮೇಲೆ ತಮಗೆ ತಾವೇ ಕುಣಿಯುತ್ತಿದ್ದವು. ಅವಳು ನೋಡಿದಳೆಂದರೆ ಕೈ ಮುಷ್ಟಿ ಕಟ್ಟಿಕೊಳ್ಳುತ್ತಿದ್ದ.

'ಈ ಕೈಗಳು ಯಾಕೆ ಸುಮ್ಮನಾದವು?' ಎಂದು ಅವಳ ಮನಸ್ಸು ಕೇಳುತ್ತಿತ್ತು. 'ಮತ್ತೆ... ಈ ಕೈಗಳನ್ನು ಹಿಡಿದುಕೊಳ್ಳಬೇಕು ಅಂತ ನನಗ್ಯಾಕೆ ಅನ್ನಿಸುತ್ತಿದೆ?'

ಒಂದು ಮಧ್ಯಾಹ್ನ ಅವನೇ ಹೇಳಿದ.

"ಆವತ್ತು ಬಾರಿಸ್ತಾ ಇದ್ದಾಗಲೇ ಕಿವೀಲಿ ಶಿಳ್ಳೆ ಶುರುವಾಯ್ತು. ಎರಡೂ ಕಿವೀಲಿ. ಏನೂ ಕೇಳಿಸ್ತಿಲ್ಲ. ಹೆದರಿ ಕೋಲು ಬಿಟ್ಟೆ. ತಲೆ ತಗ್ಗಿಸಿ ಕಣ್ಣು ಮುಚ್ಕೊಂಡು ಕೂತುಬಿಟ್ಟೆ. ಆಮೇಲೆ ಯಾರ ಮುಖಾನೂ ನೋಡದೆ ಎದ್ದು ಹಿಂದಿನ ಬಾಗಿಲಿಂದ ಹೋದೆ. ಬಲಗಿವಿ ವಾರದಲ್ಲಿ ಸರಿಹೋಯ್ತು, ಎಡದ್ದು ಬರಲೇ ಇಲ್ಲ. ಡಾಕ್ಟರು, ಔಷಧಿ, ಎಲ್ಲಾ ಆಯ್ತು."

"ಮೇಷ್ಟ್ರಿಗೆ ಹೇಳಿದ್ರಾ?"

"ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ರೆಕಾರ್ಡ್ ಹೊರಗೆ ಬಂತು. ಕೇಳಿದೆ. ನಾನು ನಿಲ್ಲಿಸಿದ ಮೇಲೆ ಹನ್ನೊಂದು ನಿಮಿಷ! ನಾನಿಲ್ಲದೆಯೂ ಅವರಿಗೆ ನಡೀತು. ನನ್ನಿಂದ ದೂರ, ದೂರ ಹೋಗಿಬಿಟ್ರು. ನೀವೂ ಕೇಳಿದೀರಲ್ಲ. ಇನ್ನು ಹೇಳೋಕೇನಿದೆ? ಒಂಬತ್ತು ವರ್ಷ ಆಯ್ತು."

ಅವಳು ಅವನ ಕೈಯ ಮೇಲೆ ಕೈಯಿಟ್ಟಳು, ಅಷ್ಟೇ. ಅವನು ಹಿಂದೆಗೆದುಕೊಳ್ಳಲಿಲ್ಲ.

"ಆ ಎಂಟನೇದನ್ನ ಹಾಕ್ಬೇಡಿ" ಎಂದ ಹೋಗುವಾಗ. "ಬೇರೆ ಯಾವುದಾದ್ರೂ ಹಾಕಿ."

ಅವಳು ತಲೆಯಾಡಿಸಿದಳು. ಆದರೆ ಮನಸ್ಸಿಗೆ ಒಂದು ಮುಳ್ಳು ಚುಚ್ಚಿಕೊಂಡಿತ್ತು. ಐದನೆಯ ದಿನದ ಆ ದುಃಖವನ್ನು ನುಡಿಸಿದ ಮನುಷ್ಯ, ಜೊತೆಯವನನ್ನು ಹೀಗೆ ಬಿಟ್ಟು ನಡೆದಾರೇ?

ಮೇಷ್ಟ್ರು ಹಟಮಾಡಿ ಟೇಪಿನಲ್ಲೇ ರೆಕಾರ್ಡ್ ಮಾಡಿಸುತ್ತಿದ್ದರು. ಆ ದಿನದ ಮೂಲ ಟೇಪು ಭಂಡಾರದ ಕೆಳಗಿನ ಕಪಾಟಿನಲ್ಲಿ ಸಿಕ್ಕಿತು. ಅದರಲ್ಲಿ ಎರಡು ಮೈಕುಗಳ ದನಿ ಬೇರೆಬೇರೆಯಾಗಿತ್ತು. ಒಂದು ಮೇಷ್ಟ್ರ ಮುಂದಿನದು, ಇನ್ನೊಂದು ಡ್ರಮ್ಮಿನ ಪಕ್ಕದ್ದು. ಡ್ರಮ್ ನಿಂತಮೇಲೆ ಆ ಮೈಕಿನಲ್ಲಿ ಕೇಳುವುದೇನಿದೆ ಎಂದು ರೆಕಾರ್ಡ್ ಮಾಡುವವರು ಹೊರಬಂದ ಪ್ರತಿಗಳಲ್ಲಿ ಮಾತ್ರ ಎರಡನೆಯದನ್ನು ಅಲ್ಲಿಗೇ ಕತ್ತರಿಸಿದ್ದರು; ಮೂಲದಲ್ಲಿ ಅದು ಕೊನೆಯವರೆಗೂ ಇತ್ತು.

ಅವಳು ಮೊದಲನೆಯದನ್ನು ಮುಚ್ಚಿ, ಎರಡನೆಯದನ್ನೊಂದೇ ತೆರೆದಳು.

ಡ್ರಮ್ ನಿಂತಿತು. ಮೌನ. ಆಮೇಲೆ ಸ್ಯಾಕ್ಸೊಫೋನ್... ದೂರದಿಂದ. ಒಂದು ಹೆಜ್ಜೆಯ ಸಪ್ಪಳ. ಮತ್ತೊಂದು ಹೆಜ್ಜೆ. ದನಿ ಹತ್ತಿರವಾಗುತ್ತಿತ್ತು!

ಅವಳು ಕುರ್ಚಿಯಿಂದ ಎದ್ದು ನಿಂತಳು.

ಮೇಷ್ಟ್ರು ದೂರ ಹೋಗಿರಲಿಲ್ಲ. ಮೈಕು ಬಿಟ್ಟು, ರೆಕಾರ್ಡು ಬಿಟ್ಟು, ಡ್ರಮ್ಮಿನ ಹತ್ತಿರಕ್ಕೆ ನಡೆದು ಬಂದಿದ್ದರು. ಅವನ ಮುಂದೆ ನಿಂತು ನುಡಿಸಿದ್ದರು. ಬಾಯಿಂದ ವಾದ್ಯ ತೆಗೆದು ಉಸಿರೆಳೆದುಕೊಳ್ಳುವ ಅರೆಗಳಿಗೆಯಲ್ಲಿ, ಪ್ರತಿ ಸಲ, ಪಿಸುದನಿಯಲ್ಲಿ ಒಂದು ಮಾತು.

"ಬಾ ಮಗಾ..."

ಮತ್ತೆ ಸ್ಯಾಕ್ಸೊಫೋನ್. ಮತ್ತೆ ಉಸಿರು.

"ಬಾ ಮಗಾ... ಇಲ್ಲೇ ಇದೀನಿ."

ಅವಳು ಎಣಿಸಿದಳು. ಹದಿನಾಲ್ಕು ಸಲ. ಕಣ್ಣೀರು ಕೆನ್ನೆಯಿಂದ ಗಲ್ಲಕ್ಕೆ, ಗಲ್ಲದಿಂದ ಕೊರಳಿಗೆ ಇಳಿದರೂ ಒರೆಸಿಕೊಳ್ಳುವ ಎಚ್ಚರ ಅವಳಿಗಿರಲಿಲ್ಲ.

ಅವನು ಆ ವಾರ ಪರವೂರಿನ ಕೆಲಸಕ್ಕೆ ಹೋಗಿದ್ದ. ಇದನ್ನು ಫೋನಿನಲ್ಲಿ ಹೇಳುವುದಾದರೂ ಹೇಗೆ? ಬಂದಮೇಲೆ ಕಿವಿಗೇ ಕೇಳಿಸೋಣ, ಕೇಳಿದಮೇಲೆ ಖಂಡಿತ ಒಪ್ಪುತ್ತಾನೆ ಎಂದು ಅವಳು ಎಂಟನೆಯದನ್ನು ಪಟ್ಟಿಯಲ್ಲೇ ಉಳಿಸಿ ಮೇಡಂಗೆ ಕೊಟ್ಟಳು.

ಅದೇ ಅವಳು ಮಾಡಿದ ತಪ್ಪು.

ಸೋಮವಾರ ಅವನು ಬಂದ. ಅವನ ಮುಖ ಕಂಡು ಅವಳ ನಗು ಅರ್ಧಕ್ಕೇ ನಿಂತಿತು.

"ವ್ಯಾನಿನ ರೇಡಿಯೋದಲ್ಲಿ ಜಾಹೀರಾತು ಕೇಳಿದೆ. 'ಡ್ರಮ್ ವಾದಕ ಅರ್ಧಕ್ಕೆ ಕೈಬಿಟ್ಟ ಆ ಕ್ಷಣ, ಈ ಭಾನುವಾರ!' ಚೆನ್ನಾಗಿದೆ. ನನ್ನ ಸೋಲನ್ನ ಊರಿಗೆಲ್ಲ ಹಂಚ್ತಿದೀರಾ?"

"ಅಯ್ಯೋ, ಆ ಮಾತು ನಾನು ಬರೆದಿದ್ದಲ್ಲ! ಮೊದಲು ಈ ಟೇಪು ಕೇಳಿ, ಆಮೇಲೆ..."

"ಬೇಡ ಅಂದಿದ್ದೆ. ತಲೆ ಆಡಿಸಿದ್ರಿ. ಒಂದು ಮಾತು ನನ್ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

ಅವಳಿಗೆ ಅನ್ನಿಸಿರಲಿಲ್ಲ, ಅದೇ ನಿಜ. ತನ್ನ ಸಂತೋಷವೇ ಅವನ ಒಪ್ಪಿಗೆ ಎಂದುಕೊಂಡಿದ್ದಳು.

ಅವನು ಹೋದ. ಹತ್ತು ಸಲ ಫೋನು ಮಾಡಿದರೂ ಎತ್ತಲಿಲ್ಲ.

"ಆದ್ರೆ ಅಮ್ಮಾ, ನಾನು ಒಳ್ಳೇದಕ್ಕೇ..." ಎಂದು ಮನೆಯಲ್ಲಿ ಅತ್ತಳು.

"ತಪ್ಪು ಮಾಡಿದೀಯ ತಾನೇ? ತಪ್ಪಾಯ್ತು ಅಂದ್ಮೇಲೆ ಆದ್ರೆ ಗೀದ್ರೆ ಹಚ್ಬೇಡ" ಎಂದರು ಅಮ್ಮ, ತಲೆ ನೇವರಿಸುತ್ತಾ. "ಮೊದಲು ಸರಿಮಾಡು. ಅವನು ಬರ್ತಾನೋ ಬಿಡ್ತಾನೋ, ಅದು ಆಮೇಲಿನ ಮಾತು."

ಅವಳು ಮೇಡಂ ಎದುರು ನಿಂತು ಎಂಟನೆಯದನ್ನು ತೆಗೆಯಲೇಬೇಕೆಂದಳು. ಮೇಡಂ ಕೆಂಡವಾದರು.

"ಜಾಹೀರಾತು ಹೋಗಿಯಾಗಿದೆ! ಎಲ್ಲರೂ ಅದಕ್ಕೇ ಕಾಯ್ತಿದಾರೆ. ತೆಗೆಯೋದಾದ್ರೆ ಮೈಕಿನ ಮುಂದೆ ಕೂತು ಜನಕ್ಕೆ ನೀನೇ ಹೇಳು. ನನ್ನ ಕೈಲಾಗಲ್ಲ."

ಜೀವನದಲ್ಲಿ ಒಂದು ಸಲವೂ ಮೈಕಿನ ಮುಂದೆ ಬಾಯಿ ಬಿಟ್ಟವಳಲ್ಲ ಅವಳು. ಆದರೂ, "ಹೇಳ್ತೀನಿ" ಎಂದಳು.

ಆಮೇಲೆ ಮೇಷ್ಟ್ರ ಮನೆಗೆ ಹೋದಳು. ಎರಡು ಕೋಣೆಯ ಮನೆ. ಕಿಟಕಿಯ ಬಳಿ ಒಂದು ಕುರ್ಚಿ, ಅದರ ಮೇಲೆ ಸ್ಯಾಕ್ಸೊಫೋನ್. ಮುದುಕರು ತಾವು ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು. ಕಿವಿಯ ವಿಷಯ ಬಂದಾಗ ತಟ್ಟನೆ ಮುಂದೆ ಬಾಗಿದರು.

"ಕಿವಿ ಹೋಗಿತ್ತಾ? ನನ್ನ ಗಲಾಟೆ ಸಾಕಾಗಿ ಬಿಟ್ಟುಹೋದ ಅಂದ್ಕೊಂಡಿದ್ದೆ ಕಣಮ್ಮ. ಕರೆದೂ ಕರೆದೂ ಸೋತೆ. ಬರಲಿಲ್ಲವಲ್ಲಾ ಅಂತ ನಾನೂ ಮುನಿಸಿಕೊಂಡೆ." ಎದ್ದು ಕುರ್ಚಿಯ ಮೇಲಿನ ವಾದ್ಯವನ್ನು ಕೈಗೆತ್ತಿಕೊಂಡರು. "ಇಬ್ಬರು ದಡ್ಡರು. ಅದರಲ್ಲಿ ಹಿರೀ ದಡ್ಡ ನಾನು."

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಾರ್ಯಕ್ರಮ ಶುರುವಾಯಿತು. ಮೇಷ್ಟ್ರು ಅತಿಥಿಯಾಗಿ ಸ್ಟುಡಿಯೋದಲ್ಲಿ ಕೂತಿದ್ದರು, ವಾದ್ಯ ಮಡಿಲಲ್ಲಿ. ಈಜುಕೊಳ ಹೋಯಿತು. ಉಸಿರಿನ ಆರು ನಿಮಿಷ ಹೋಯಿತು. ಐದನೆಯ ದಿನದ ಸ್ವರಕ್ಕೆ ಗಾಜಿನಾಚೆಯ ಮೇಡಂ ಕೂಡ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು.

ಏಳು ಮುಗಿದವು. ಅವಳು ಮೈಕಿಗೆ ಬಾಗಿದಳು.

"ಎಂಟನೇದು ಒಂದಿದೆ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಅದೇ. ಆದ್ರೆ ಅದು ನನ್ನದಲ್ಲ, ಇಬ್ಬರದ್ದು. ಅದರಲ್ಲೊಬ್ಬರು ಬೇಡ ಅಂದಿದ್ರು. ನಾನು ಅವರ ಮಾತು ಮೀರಿದೆ. ನಿಲಯದ ಜಾಹೀರಾತಿನಲ್ಲಿ ಅವರು ಕೈಬಿಟ್ಟರು ಅಂತ ಬಂತು, ಅದು ಸುಳ್ಳು. ಆವತ್ತು ಯಾರೂ ಯಾರ ಕೈನೂ ಬಿಟ್ಟಿರಲಿಲ್ಲ. ಇಷ್ಟು ಮಾತ್ರ ನಾನು ಹೇಳಬಲ್ಲೆ. ಕ್ಷಮಿಸಿ."

ಕೆಂಪು ದೀಪ ಆರಿತು. ಅವಳು ಬಾಗಿಲು ತೆರೆದು ಹೊರಬಂದಳು.

ಮೊಗಸಾಲೆಯಲ್ಲಿ ಅವನು ನಿಂತಿದ್ದ! ನಾಲ್ಕು ಮಹಡಿ ಓಡಿ ಹತ್ತಿದವನಂತೆ ಏದುಸಿರು.

"ಕೆಳಗೆ ವ್ಯಾನಲ್ಲಿ ಕೂತು ಕೇಳ್ತಿದ್ದೆ" ಎಂದ. "ಯಾರೂ ಕೈ ಬಿಟ್ಟಿರಲಿಲ್ಲ ಅಂದ್ರೆ ಏನರ್ಥ?"

ಅವಳು ಅವನನ್ನು ಟೇಪಿನ ಕೋಣೆಗೆ ಕರೆದೊಯ್ದು, ಬಲಗಿವಿಗೆ ಹೆಡ್‌ಫೋನ್ ಒತ್ತಿಟ್ಟು, ಎರಡನೆಯ ಮೈಕನ್ನು ತೆರೆದಳು.

ಅವನು ಕಣ್ಣು ಮುಚ್ಚಿದ. ಹೆಜ್ಜೆಗಳು ಬಂದವು. ಮೊದಲ 'ಬಾ ಮಗಾ' ಬಂದಾಗ ಅವನ ಬೆನ್ನು ನೆಟ್ಟಗಾಯಿತು. ಮೂರನೆಯದಕ್ಕೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹನ್ನೊಂದು ನಿಮಿಷ ಮುಗಿಯುವವರೆಗೂ ಅಲುಗಲಿಲ್ಲ. ಅವಳು ಪಕ್ಕದಲ್ಲಿ ನಿಂತೇ ಇದ್ದಳು.

"ಎದುರಿಗೇ ನಿಂತಿದ್ರು..." ಎಂದ ಕೊನೆಗೆ, ಮಗುವಿನ ದನಿಯಲ್ಲಿ. "ನನ್ನ ಎದುರಿಗೇ. ನಾನು ತಲೆ ಎತ್ತಿದ್ರೆ ಸಾಕಾಗಿತ್ತು."

"ಈಗ್ಲಾದ್ರೂ ಎತ್ತೋ ಕತ್ತೆ" ಎಂದಿತು ಬಾಗಿಲಿನಿಂದ ಒಂದು ಮುದಿದನಿ.

ಮೇಷ್ಟ್ರು! ಅವನು ದಡಬಡಿಸಿ ಎದ್ದ. ಮುದುಕರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ದಪ್ಪ ಆಗಿದೀಯ" ಎಂದರು. ಇಬ್ಬರೂ ತಬ್ಬಿಕೊಂಡರು. ಇಬ್ಬರ ನಡುವೆ ಸ್ಯಾಕ್ಸೊಫೋನ್ ಸಿಕ್ಕಿ ಕೀಲಿಗಳು ಟಕಟಕ ಎಂದವು.

ಮೇಷ್ಟ್ರು ಅವನ ಬಲಕ್ಕೆ ಬಂದು ನಿಂತು ವಾದ್ಯವನ್ನು ಬಾಯಿಗಿಟ್ಟುಕೊಂಡರು. ಎಂಬತ್ತರ ಉಸಿರು, ಒಂದು ಸ್ವರಕ್ಕೆ ಸಾಲುವುದೇ ಕಷ್ಟ. ಆದರೂ ಆ ಸ್ವರ ಹೊರಟಿತು. ನಡುಗುತ್ತಾ, ಒಡೆಯುತ್ತಾ, ಮೆಲ್ಲಗೆ ನಿಲ್ಲುತ್ತಾ. ಉಸಿರಿಗೆಂದು ತಡೆದರು.

ಅವನ ಕೈ ಮೇಜಿನ ಮೇಲಿನ ತಗಡಿನ ಟೇಪು ಡಬ್ಬಿಗಳಿಗೆ ಇಳಿಯಿತು.

ಮೊದಲು ಒಂದು ಬೆರಳು. ಆಮೇಲೆ ಹತ್ತೂ. ಒಂಬತ್ತು ವರ್ಷ ಮುಷ್ಟಿಯೊಳಗಿದ್ದದ್ದು ತಗಡಿನ ಮೇಲೆ ಸುರಿಯಿತು. ಸ್ಯಾಕ್ಸೊಫೋನ್ ಅದರ ಮೇಲೆ ಏರಿತು, ಅದರೊಳಗೆ ಇಳಿಯಿತು. ಮುದುಕರ ಕಣ್ಣುಗಳು ಹೊಳೆಯುತ್ತಿದ್ದವು. ಬಾಗಿಲಲ್ಲಿ ಮೇಡಂ, ಅವರ ಹಿಂದೆ ಮಹಡಿಯ ಜನರೆಲ್ಲ ಬಂದು ನಿಂತಿದ್ದರು. ಅವಳು ಗೋಡೆಗೆ ಒರಗಿದಳು. ಟೇಪು ಹಾಕಬೇಕು, ಇದನ್ನು ಹಿಡಿದಿಡಬೇಕು ಎಂಬುದು ಅವಳ ಕಸುಬಿನ ಮೊದಲ ಪಾಠ. ಆದರೆ ಇಷ್ಟು ದೊಡ್ಡದೊಂದು ತನ್ನೆದುರೇ ನಡೆಯುವಾಗ ಯಂತ್ರದ ಕಡೆ ತಿರುಗಲು ಅವಳಿಗೆ ಮನಸ್ಸೇ ಬರಲಿಲ್ಲ.

ನಾಲ್ಕು ನಿಮಿಷವಾಗಿರಬೇಕು. ಮೇಷ್ಟ್ರು ಏದುಸಿರಿನಲ್ಲಿ ನಕ್ಕು ಕುರ್ಚಿಗೆ ಕುಸಿದರು. "ನಾಳೆ ಬೆಳಿಗ್ಗೆ ಮನೆಗೆ ಬಾ. ಡಬ್ಬಿ ಬೇಡ, ಡ್ರಮ್ ತಗೊಂಡು ಬಾ" ಎಂದರು.

ಮೇಷ್ಟ್ರನ್ನು ಮೇಡಂ ಕಾರಿನವರೆಗೆ ಕೈಹಿಡಿದು ಕರೆದೊಯ್ದರು. ಕೋಣೆಯಲ್ಲಿ ಉಳಿದವರು ಇಬ್ಬರೇ.

"ನಿಮ್ಮ ಮೇಲೆ ರೇಗಿದ್ದು..." ಎಂದು ಅವನು ಶುರುಮಾಡಿದ.

"ಸರಿಯಾಗೇ ರೇಗಿದ್ರಿ. ಕೇಳದೆ ಮಾಡಿದೆ. ಇನ್ಮೇಲೆ ಕೇಳಿಯೇ ಮಾಡ್ತೀನಿ."

"ಹಾಗಾದ್ರೆ ನಾನೂ ಒಂದು ಕೇಳ್ಲಾ?"

ಅವಳ ಎದೆ ಮತ್ತೆ ಡವಡವ ಎಂದಿತು. "ಕೇಳಿ..."

"ಒಂಬತ್ತು ವರ್ಷದ ತುಕ್ಕು. ಆರು ತಿಂಗಳಾದ್ರೂ ಕೆಟ್ಟದಾಗೇ ಬಾರಿಸ್ತೀನಿ. ಕೇಳೋಕೆ ಬರ್ತೀರಾ?"

"ಬರ್ತೀನಿ. ಆರು ತಿಂಗಳಾದ ಮೇಲೆ?"

"ಚೆನ್ನಾಗಿ ಬಾರಿಸ್ತೀನಿ. ಆಗ ಹೇಗೂ ಬರ್ತೀರಲ್ಲ." ಅವನು ಗ್ರೀಸು ಹಿಡಿದ ಕೈಯನ್ನು ಅಂಗಿಗೆ ಒರೆಸಿಕೊಂಡು ಅವಳತ್ತ ಚಾಚಿದ. ದನಿ ತಗ್ಗಿತು. "ನನಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ನಿಮ್ಮನ್ನ ಬಹಳ ಇಷ್ಟಪಡ್ತೀನಿ. ಜೀವನಪೂರ್ತಿ ನನ್ನ ಜೊತೆ ಇರ್ತೀರಾ?"

ಅವಳು ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಬೆರಳುಗಳು ಇನ್ನೂ ಬಿಸಿಯಾಗಿದ್ದವು.

"ಇರ್ತೀನಿ. ಆದ್ರೆ ಜೀವನಪೂರ್ತಿ 'ನೀವು, ನೀವು' ಅಂತಾನೇ ಕರೀತೀರಾ?"

"ನೀವೂ ಹಾಗೇ ತಾನೇ ಕರೀತಿರೋದು!"

"ಸರಿ, ಮೊದಲು ನೀವು ಹೇಳಿ."

"ಇಲ್ಲ, ಮೊದಲು ನೀವು."

ಇಬ್ಬರೂ ನಕ್ಕರು. ನಗು ನಿಂತಮೇಲೆ ಅವಳು ಅವನ ಬಲಗಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದಳು.

"ನೀನು."